ಹಂಡೆಗೆ ಎರಡು ತೂತು

ಪುಷ್ಯದ ಗಾಳಿ ಶುರುವಾಗಿ ವಾರವಾಗಿತ್ತು. ಕಾಲುವೆ ಕೆಳಗಿನ ಭತ್ತವೆಲ್ಲ ಕೊಯ್ಲಾಗಿ, ಸಿಂಧನೂರಿನ ಅಕ್ಕಿ ಗಿರಣಿಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಊರ ಹೊರಗಿನ ಗಿರಣಿಯೊಂದರಲ್ಲಿ ಮಾಳಿಂಗಪ್ಪ ಬಾಯ್ಲರಿನ ಮುಂದೆ ನಿಂತು, ಭತ್ತದ ಹೊಟ್ಟನ್ನು ಸಲಿಕೆಯಿಂದ ಎಳೆದೆಳೆದು ಬೆಂಕಿಯ ಬಾಯಿಗೆ ತಳ್ಳುತ್ತಿದ್ದ. ಇಪ್ಪತ್ತಾರು ವರ್ಷದ ಕೆಲಸ ಅದು. ಉಗಿ ಹೋಗುವ ಕೊಳವೆಯ ಮೇಲೊಮ್ಮೆ ಅಂಗೈ ಆಡಿಸಿದರೆ ಸಾಕು, ಒಳಗಿನ ಭತ್ತ ಎಷ್ಟು ಬೆಂದಿದೆ ಎಂದು ಹೇಳಿಬಿಡುತ್ತಿದ್ದ.

ಹನ್ನೊಂದರ ಸುಮಾರಿಗೆ ಹೆಂಡತಿ ಗದ್ದೆಮ್ಮನ ಫೋನು ಬಂತು. ಅವಳು ಮಗಳು ಪ್ರಿಯಾಂಕಾಳ ಜೊತೆ ರಾಯಚೂರಿನ ಆಸ್ಪತ್ರೆ ಸೇರಿ ಹದಿನೆಂಟು ದಿನವಾಗಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣುಕೂಸನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

“ಐದು ದಿನಕ್ಕ ಮನಿಗೆ ಕಳಸ್ತಾರಂತ್ರಿ. ಕೂಸು ಒಂದು ಕಿಲೋ ಎಂಟುನೂರು ಗ್ರಾಂ ಆಗೈತಿ. ಹಗಲೂ ರಾತ್ರಿ ಬೆಚ್ಚಗ ಇರಬೇಕಂತ. ಹೊಗಿ ಮಾತ್ರ ಹತ್ರ ಸುಳೀಬಾರದಂತ.”

“ಮಸ್ಕಿಗೆ, ಗಂಡನ ಮನಿಗೆ ಹೋಗ್ತಾಳೇನು?”

“ಬೀಗತಿ ಸೊಂಟ ಮುರಕೊಂಡು ಹೊರಸು ಹಿಡದಾಳ. ಅಲ್ಲಿ ಯಾರು ಮಾಡಬೇಕ್ರೀ ಬಾಣಂತನ? ನಮ್ಮನಿಗೇ ಬರಬೇಕು. ಆದ್ರ ಆ ಕೋಣ್ಯಾಗ ಕಾಲಿಡಂಗಿಲ್ಲ ಅಂತ ಹಟ ಹಿಡದಾಳ.”

ಮಾಳಿಂಗಪ್ಪ ಸಲಿಕೆ ಕೆಳಗಿಟ್ಟ. ವಳಕಮದಿನ್ನಿಯ ಅವನ ಮನೆಗೆ ಇದ್ದದ್ದು ಅದೊಂದೇ ಕೋಣೆ. ಮುಂದೆ ಗಾಳಿಗೆ ತೆರೆದ ಪಡಸಾಲೆ, ಹಿಂದೆ ಇಬ್ಬರು ನಿಂತರೆ ಮೊಣಕೈ ತಾಗುವಂಥ ಬಚ್ಚಲು. ಇನ್ನೊಂದು ಗೋಡೆ ಎಬ್ಬಿಸಲು ಜಾಗವೇ ಇರಲಿಲ್ಲ.

ಮೂರು ವರ್ಷದ ಹಿಂದೆ, ಇಂಥದೇ ಚಳಿಯಲ್ಲಿ, ಪ್ರಿಯಾಂಕಾ ಚೊಚ್ಚಲ ಬಾಣಂತಿಯಾಗಿ ಆ ಕೋಣೆಯಲ್ಲಿ ಮಲಗಿದ್ದಳು. ಎಲ್ಲ ಮನೆಗಳಲ್ಲೂ ಮಾಡುವಂತೆ ಗದ್ದೆಮ್ಮ ಹೊರಸಿನ ಕೆಳಗೆ ಬೋಗುಣಿಯಲ್ಲಿ ಕೆಂಡ ಇಟ್ಟು, ಬಾಗಿಲು ಎಳೆದುಕೊಂಡು ತಾನು ಪಡಸಾಲೆಯಲ್ಲಿ ಮಲಗಿದ್ದಳು. ಕಿಟಕಿಯ ಒಂದು ಕದ ತೆರೆದೇ ಇತ್ತು. ಪಾಳಿ ಮುಗಿಸಿ ಬಂದ ಮಾಳಿಂಗಪ್ಪ ಗಾಳಿ ಒಳಕ್ಕೆ ಹೊಡೆಯುವುದನ್ನು ನೋಡಿ, ಕೂಸಿಗೆ ಥಂಡಿಯಾದೀತೆಂದು ಹಿತ್ತಲಿನಿಂದಲೇ ಎರಡು ಗೋಣಿಚೀಲ ಮಡಚಿ ಆ ಕಿಟಕಿಗೆ ಬಿಗಿಯಾಗಿ ತುರುಕಿದ. ಬೆಳಗಾಗುವಷ್ಟರಲ್ಲಿ ಹನ್ನೊಂದು ದಿನದ ಕೂಸು ತಣ್ಣಗಾಗಿತ್ತು. ಪ್ರಿಯಾಂಕಾ ತಲೆ ಎತ್ತಲಾಗದಂಥ ಮಂಪರಿನಲ್ಲಿದ್ದಳು.

ಕೆಂಡವಿರುವಾಗ ಬಾಯ್ಲರ್ ಮನೆಯ ಬಾಗಿಲು ಹಾಕಬಾರದು, ಅದರ ಗಾಳಿ ಕಣ್ಣಿಗೂ ಕಾಣದು ಮೂಗಿಗೂ ತಿಳಿಯದು ಎಂದು ಗಿರಣಿಗೆ ಬಂದ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವನು ಅವನೇ. ಆದರೆ ಗಿರಣಿಯ ಬೆಂಕಿ ಮತ್ತು ಮನೆಯ ಬೆಂಕಿ ಅವನ ತಲೆಯಲ್ಲಿ ಎಂದೂ ಕೂಡಿರಲಿಲ್ಲ. ಅವ್ವನ ಹೊರಸಿನ ಕೆಳಗೂ, ಅಜ್ಜಿಯ ಹೊರಸಿನ ಕೆಳಗೂ ಕೆಂಡ ಇದ್ದದ್ದೇ. ಅಂದು ಒಳಗೆ ಅಳುವ ದನಿ ಎದ್ದಾಗ ಮೊದಲ ಬಾರಿಗೆ ಅವೆರಡೂ ಕೂಡಿದವು. ಅವನು ಕೋಣೆಗೆ ಹೋಗುವ ಮೊದಲು ಹಿತ್ತಲಿಗೆ ಹೋಗಿ ಚೀಲ ಕಿತ್ತು ತಿಪ್ಪೆಗೆ ಎಸೆದ. ಯಾರೂ ನೋಡಲಿಲ್ಲ.

ಮಣ್ಣಿಗೆ ಬಂದ ಬೀಗತಿ ಹುಲಿಗೆಮ್ಮ ಸೊಸೆಯ ಮಂಪರನ್ನು ನೋಡಿ, “ಎಂಥಾ ನಿದ್ದಿ ಇದು! ನಿದ್ದಿಗಣ್ಣಾಗ ಕೂಸಿನ ಮ್ಯಾಲೆ ಹೊಳ್ಳ್ಯಾಳ, ಉಸುರುಗಟ್ಟಿ ಸತ್ತೈತಿ,” ಎಂದಳು. ಆ ಮಾತು ಮಸ್ಕಿಯವರೆಗೂ ಹೋಯಿತು. ಬರಬರುತ್ತ ಪ್ರಿಯಾಂಕಾಳೇ ಅದನ್ನು ನಂಬಿದಳು. ಮಾಳಿಂಗಪ್ಪ ಮೂರು ವರ್ಷ ಆ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದ.

ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತವನ ಕಣ್ಣು ಉಗಿಯ ಕೊಳವೆಯ ಮೇಲೆ ನಿಂತಿತು. ಬೆಂಕಿ ಒಂದು ಕಡೆ, ಬೇಯುವ ಭತ್ತ ಇನ್ನೊಂದು ಕಡೆ, ನಡುವೆ ಗೋಡೆ. ಅವನು ರೊಟ್ಟಿ ಅರ್ಧಕ್ಕೇ ಬಿಟ್ಟು ಗದ್ದೆಮ್ಮನಿಗೆ ಫೋನು ಹಚ್ಚಿದ.

“ಬಚ್ಚಲದಾಗಿನ ಹಂಡೇಕ ತೂತು ಹಾಕಬೇಕಾಗೇತಿ.”

“ಹಂಡೇಕ ತೂತೇ? ತಲಿ ನೆಟ್ಟಗೈತೋ ಇಲ್ಲೋ? ಅದು ನಮ್ಮವ್ವ ಕೊಟ್ಟ ತಾಮ್ರದ ಹಂಡೆ!”

“ಹಂಡೆ ನೀರು ಕೊಳವಿ ಹಿಡಿದು ಕೋಣೆಗೆ ಬಂದು, ತಿರುಗಿ ಹಂಡೇಕ ಹೋಗಬೇಕು. ಒಲಿ ಬಾಯಿ ಹಿತ್ತಲಕ್ಕ ತಿರುಗಿಸ್ತೀನಿ. ಹೊಗಿ ಅತ್ತ ಹೊರಗ, ಕಾವು ಇತ್ತ ಒಳಗ. ಒಂದ ಹಂಡೆ, ಜಳಕಕ್ಕೂ ಆತು, ಕೋಣೆಗೂ ಆತು.”

ಗದ್ದೆಮ್ಮ ಆಸ್ಪತ್ರೆಯ ಗದ್ದಲದಿಂದ ಈಚೆ ಬಂದಳು.

“ಎಷ್ಟು ತೂತು?”

“ಎರಡು.”

“ಹಾಕ್ರಿ,” ಎಂದಳು ಗದ್ದೆಮ್ಮ.

ಮರುದಿನ ಸಿಂಧನೂರಿನಿಂದ ಯೂನುಸ ಬಂದ. ನಲ್ಲಿ, ಕೊಳವೆ ಜೋಡಿಸುವ ಕೆಲಸದವನು. ಗಿರಣಿಯಲ್ಲೂ ಕೊಳವೆ ಒಡೆದರೆ ಅವನನ್ನೇ ಕರೆಯುತ್ತಿದ್ದರು. ಮಾಳಿಂಗಪ್ಪ ಇದ್ದಿಲಿನಿಂದ ಗೋಡೆಯ ಮೇಲೆ ಬರೆದದ್ದನ್ನು ನೋಡಿ ನಕ್ಕ.

“ಮಾಳಿಂಗಣ್ಣ, ಇದು ಬಚ್ಚಲೋ ರೈಸ್ ಮಿಲ್ಲೋ? ಜಳಕ ಮಾಡಾಕ ಕುಂತವರು ಸ್ಟೀಮ್ ಆಗಿ ಹೊರಗ ಬಂದಾರು ಮತ್ತ!”

“ನೀ ಮೊದಲು ಬೆಸುಗಿ ಹಾಕಲೇ. ಸೋರಿದ್ರ ನಿನ್ನನ್ನ ಕುದಸ್ತೀನಿ.”

ಹಂಡೆಯ ಮೇಲ್ಭಾಗದಲ್ಲಿ ಒಂದು, ತಳದ ಹತ್ತಿರ ಒಂದು ತೂತು ಬಿದ್ದವು. ಬಿಸಿನೀರು ಮೇಲಿನಿಂದ ಹೊರಟು ಗೋಡೆ ದಾಟಿ, ಕೋಣೆಯೊಳಗೆ ಮೂರು ಸಾಲಾಗಿ ಹರಿದು, ತಣಿದು ಕೆಳಗಿನ ತೂತಿನಿಂದ ಹಂಡೆಗೆ ಮರಳಬೇಕು. ಬಚ್ಚಲಿನ ನಲ್ಲಿಯನ್ನೂ ಅದೇ ಕೊಳವೆಗೆ ಕೂಡಿಸಿದರು. ನೀರು ಮೊಗೆದಷ್ಟೂ ಮೇಲಿನ ಟಾಕಿಯಿಂದ ತಾನೇ ತುಂಬಿಕೊಳ್ಳುವಂತೆ ಯೂನುಸ ಹಂಡೆಯೊಳಗೆ ತೇಲುವ ಚೆಂಡು ಕಟ್ಟಿದ. ಎಲ್ಲ ಸೇರಿ ಕೋಣೆಯಲ್ಲಿ ಆಕ್ರಮಿಸಿದ್ದು ಗೋಡೆಗುಂಟ ಒಂದು ಗೇಣು ಜಾಗ.

ಮೂರನೆಯ ದಿನ ಒಲೆ ಹೊತ್ತಿಸಿದರು. ಹಂಡೆ ಕುದಿಯಿತು. ಕೋಣೆಯೊಳಗೆ ಮೊದಲ ಸಾಲು ಮುಟ್ಟಿದರೆ ಸುಡುವಂತಾಯಿತು. ಎರಡನೆಯದು, ಮೂರನೆಯದು ಮಾತ್ರ ತಣ್ಣಗೇ ಉಳಿದವು.

“ನಿನ್ನ ನೀರು ಮುಷ್ಕರ ಹೂಡೈತಿ ನೋಡಣ್ಣ,” ಎಂದ ಯೂನುಸ. “ಮೋಟರ್ ಹಚ್ಚೋಣೇನು?”

ಮಾಳಿಂಗಪ್ಪ ಕೊಳವೆಗೆ ಕಿವಿ ಕೊಟ್ಟು ಕುಳಿತ. ಬಾಗಿನ ಹತ್ತಿರ ಗುಳುಗುಳು ಸದ್ದು. ಗೌಂಡಿಗಳು ಮಟ್ಟ ನೋಡುವ ನೀರಿನ ನಳಿಗೆ ಹಿಡಿದು ಅಳೆದರೆ, ನಡುವಿನ ಸಾಲು ಅರ್ಧ ಬೆರಳಿನಷ್ಟು ಜೋತಿತ್ತು. ಅದರ ಮುಂದಿನ ಉಬ್ಬಿನಲ್ಲಿ ಗಾಳಿ ಸಿಕ್ಕಿಬಿದ್ದು ನೀರಿಗೆ ಅಡ್ಡವಾಗಿತ್ತು. ಇಬ್ಬರೂ ಕೂಡಿ ಜೋಡಣೆ ಬಿಚ್ಚಿ, ಸಾಲನ್ನು ಎತ್ತರಿಸಿ, ಎಲ್ಲಕ್ಕಿಂತ ಮೇಲಿನ ಬಾಗಿನಲ್ಲಿ ಗಾಳಿ ಹೋಗಲು ಸಣ್ಣ ನಳಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಮತ್ತೆ ಬೆಂಕಿ ಹಾಕಿದ ಅರ್ಧ ತಾಸಿಗೆ ಮೂರನೆಯ ಸಾಲೂ ಬೆಚ್ಚಗಾಯಿತು.

ಮಾಳಿಂಗಪ್ಪ ಕಿಟಕಿಯ ಕದಗಳನ್ನು ಕಿತ್ತು, ಮೇಲ್ಗಡೆ ಯಾರೂ ಮುಚ್ಚಲಾಗದಂತೆ ಸಿಮೆಂಟಿನ ಜಾಲಂಧ್ರ ಕೂರಿಸಿ, ಕೆಳಗೆ ಇಟ್ಟಿಗೆ ಕಟ್ಟಿದ. ಒಲೆಯ ಹೊಗೆ ಅತ್ತ ಸುಳಿಯದಂತೆ ಸೂರು ಮೀರುವ ಹೊಗೆಕೊಳವೆ ನಿಲ್ಲಿಸಿದ. ಆಮೇಲೆ ಬಾಗಿಲು ಹಾಕಿಕೊಂಡು ನಡುಹಗಲಲ್ಲಿ ನಾಲ್ಕು ತಾಸು ಒಬ್ಬನೇ ಒಳಗೆ ಕುಳಿತ. ಯೂನುಸ ಎರಡು ಸಲ ಬಾಗಿಲು ಬಡಿದು, “ಅಣ್ಣ, ಜೀವ ಐತೇನು?” ಎಂದು ಕೇಳಿದ. ಎರಡು ಸಲವೂ ಒಳಗಿನಿಂದ, “ಐತಿ,” ಎಂಬ ದನಿ ಬಂತು.

ಐದನೆಯ ದಿನ ಕೂಸು ಬಂತು. ಪ್ರಿಯಾಂಕಾ ಹೊಸ್ತಿಲಾಚೆಯೇ ನಿಂತು ಮೊದಲು ಹೊರಸಿನ ಕೆಳಗೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಗೋಡೆಯ ಕೊಳವೆಗಳ ಮೇಲೆ ಗದ್ದೆಮ್ಮನ ಹಳೇ ಸೀರೆಯ ತುಂಡುಗಳು ಒಣಗುತ್ತಿದ್ದವು.

“ಬೆಂಕಿ ಎಲ್ಲಿ ಐತಪ್ಪಾ?”

“ಹಿತ್ತಲದಾಗ, ಯವ್ವ. ಇಲ್ಲಿ ಬರೇ ನೀರು.”

ಅವಳು ಕೊಳವೆ ಮುಟ್ಟಿದಳು, ಜಾಲಂಧ್ರ ನೋಡಿದಳು, ಒಳಗೆ ಬಂದಳು. ಗದ್ದೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಳಿಂಗಪ್ಪನಿಗೆ ಒಂದು ಭಾರ ಇಳಿದಂತಾಯಿತು.

ಆದರೆ ಪ್ರಿಯಾಂಕಾ ಹೊರಸಿನ ಮೇಲೆ ಮಲಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅಂದೂ ಕುಳಿತಳು, ಮರುದಿನವೂ ಕುಳಿತಳು. ರೆಪ್ಪೆ ಕೂಡಿದರೆ ಕೂಸನ್ನು ತಾಯಿಗೆ ಕೊಟ್ಟು, ಮುಖಕ್ಕೆ ನೀರು ಹಾಕಿಕೊಂಡು ಬಂದು ಮತ್ತೆ ಕುಳಿತಳು. ನಾಲ್ಕನೆಯ ಬೆಳಗ್ಗೆ ಆಶಾ ಕಾರ್ಯಕರ್ತೆ ಗಾಯತ್ರಿ ತಕ್ಕಡಿ ತಂದು ಕೂಸನ್ನು ತೂಗಿದಳು. ಆಸ್ಪತ್ರೆಯಿಂದ ಬಂದಾಗ ಇದ್ದದ್ದಕ್ಕಿಂತ ನಲವತ್ತು ಗ್ರಾಂ ಇಳಿದಿತ್ತು.

ಮಾಳಿಂಗಪ್ಪ ಹಿತ್ತಲಿನಲ್ಲಿ ಒಲೆಗೆ ಹೊಟ್ಟು ಬಿಡುತ್ತಿದ್ದ. ಒಳಗಿನ ಮಾತು ಜಾಲಂಧ್ರದಿಂದ ಹೊರಗೆ ಬರುತ್ತಿತ್ತು.

“ಹಾಲು ಎಲ್ಲಿಂದ ಬರಬೇಕವ್ವ? ನೀ ಕಣ್ಣ ಮುಚ್ಚಾಕತ್ತಿಲ್ಲ,” ಗಾಯತ್ರಿ ಹೇಳುತ್ತಿದ್ದಳು. “ಕೂಸನ್ನ ಎದಿ ಮ್ಯಾಲೆ ಹಾಕ್ಕೊಂಡು ಸ್ವಲ್ಪ ಒರಗು. ನಿಮ್ಮವ್ವ ಕಾವಲು ಇರ್ತಾಳ.”

“ನಾ ಮಲಗಂಗಿಲ್ರೀ ಅಕ್ಕ. ನನ್ನ ನಿದ್ದಿ ಕೆಟ್ಟದು. ಒಂದನ್ನ ಕೊಂದೀನಿ, ಇನ್ನೊಂದನ್ನ ಕೊಲ್ಲಂಗಿಲ್ಲ.”

ಮಾಳಿಂಗಪ್ಪನ ಕೈಯ ಸಲಿಕೆ ನಿಂತಿತು. ಕೋಣೆ ಬೆಚ್ಚಗಾದರೆ ಮುಗಿಯಿತೆಂದು ಅವನು ತಿಳಿದಿದ್ದ. ಗಾಯತ್ರಿ ತಕ್ಕಡಿ ಎತ್ತಿಕೊಂಡು ಹೋಗುವವರೆಗೂ ಅಲ್ಲೇ ಕುಕ್ಕರಗಾಲಲ್ಲಿ ಕುಳಿತಿದ್ದ. ಆಮೇಲೆ ಎದ್ದು, ಕೈ ತೊಳೆದು, ಕೋಣೆಯ ಬಾಗಿಲಲ್ಲಿ ಬಂದು ನಿಂತ.

“ಪ್ರಿಯಾ, ನೀ ಕೂಸಿನ ಮ್ಯಾಲೆ ಹೊಳ್ಳಿಲ್ಲ,” ಎಂದ.

ಅವಳು ತಲೆ ಎತ್ತಿದಳು.

“ಆವತ್ತು ಈ ಕಿಟಕಿ ತೆರೆದಿತ್ತು. ನಾನು ಬಂದು ಹೊರಗಿಂದ ಚೀಲ ತುರುಕಿದ್ದೆ. ಕೆಂಡದ ಗಾಳಿ ಹೊರಗ ಹೋಗಾಕ ಹಾದಿ ಇಲ್ದಂಗ ಆತು. ನಿನಗ ಮಂಪರು ಬಂದಿದ್ದೂ ಅದರಿಂದನ, ಕೂಸು ಹೋಗಿದ್ದೂ ಅದರಿಂದನ. ಮುಂಜಾನೆ ನಾನ ಕಿತ್ತು ಒಗದೆ. ಯಾರಿಗೂ ಹೇಳ್ಲಿಲ್ಲ.”

ಗದ್ದೆಮ್ಮ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಪ್ರಿಯಾಂಕಾ ತಾಯಿಯ ಕಡೆ ತಿರುಗಿದಳು.

“ನಿನಗ ಗೊತ್ತಿತ್ತೇನಬೇ?”

“ನನ್ನ ಕೂಸಿನ ಆಣಿ, ಇಲ್ಲ.”

ಮತ್ತೆ ಅಪ್ಪನನ್ನು ನೋಡಿದಳು. ಅಳಲಿಲ್ಲ. ಮುಖ ಒಂದು ಗಳಿಗೆ ತೀರ ಚಿಕ್ಕ ಹುಡುಗಿಯದಾದಂತೆ ಕಂಡಿತು.

“ಮೂರು ವರ್ಷ ಅಪ್ಪಾ. ಉಣ್ಣಾಕ ಕುಂತ್ರ ಅಂದಾರ, ಏಳಾಕ ತಡ ಆದ್ರ ಅಂದಾರ. ನೀ ಮಸ್ಕಿಗೆ ಬಂದಾಗೂ ನಿನ್ನ ಮುಂದನ ಅಂದಾರ.”

“ಹೌದವ್ವ.”

“ಹೊರಗ ಹೋಗು.”

ಅವನು ಹೊರಗೆ ಹೋಗಿ ಒಲೆಯ ಮುಂದೆ ಕುಳಿತ. ಹೊಟ್ಟು ಉರಿದು ಬೂದಿಯಾದಂತೆಲ್ಲ ಹೊಸದನ್ನು ಬಿಟ್ಟ. ಬಿಸಿಲು ಇಳಿಯುವ ಹೊತ್ತಿಗೆ ಗದ್ದೆಮ್ಮ ಹಿತ್ತಲಿಗೆ ಬಂದಳು. ಅವನ ಮುಖ ನೋಡದೆ, “ಮಲಗ್ಯಾಳ,” ಎಂದಳು. “ಎದಿ ಮ್ಯಾಲೆ ಕೂಸನ್ನ ಹಾಕ್ಕೊಂಡು ಮಲಗಿ ಎರಡು ತಾಸಾತು. ಬೆಂಕಿ ಆರಬಾರದು.” ತಿರುಗಿ ಹೊರಟವಳು ನಿಂತು ಸೇರಿಸಿದಳು: “ಮಸ್ಕಿಗೆ ಹೋಗಿ ಇದನ್ನ ಅವರ ಮುಂದನೂ ಹೇಳಬೇಕಂತ. ಫೋನಿನ್ಯಾಗ ಅಲ್ಲ.”

ಮರುದಿನ ಮಾಳಿಂಗಪ್ಪ ಗಿರಣಿಗೆ ರಜೆ ಹಾಕಿ ಮಸ್ಕಿಯ ಬಸ್ಸು ಹತ್ತಿದ. ಅಳಿಯ ಸಿದ್ದರಾಮ ಲಿಂಗಸುಗೂರಿಗೆ ಹತ್ತಿ ಒಯ್ಯಲು ಗಾಡಿಗೆ ಹಗ್ಗ ಬಿಗಿಯುತ್ತಿದ್ದ. ಮಾವನನ್ನು ಕಂಡು ಹಗ್ಗ ಬಿಟ್ಟು ಒಳಗೆ ಬಂದ. ಹುಲಿಗೆಮ್ಮ ಹೊರಸಿನ ಮೇಲೆ ಮಲಗಿದ್ದಳು. ಸೊಸೆ ಹೇಗಿದ್ದಾಳೆಂದು ಕೇಳಿ, ನೀರು ಕೊಡಿಸಿದಳು. ಅವನು ನೀರಿನ ಚೆರಗಿ ಮುಟ್ಟಲಿಲ್ಲ. ನೆಲದ ಮೇಲೆ ಕುಳಿತು ಎಲ್ಲ ಹೇಳಿದ. ಚೀಲ ತುರುಕಿದ್ದು, ಕಿತ್ತದ್ದು, ಸುಮ್ಮನಿದ್ದದ್ದು, ಯಾವುದನ್ನೂ ಬಿಡಲಿಲ್ಲ.

ಹುಲಿಗೆಮ್ಮ ಸೂರಿನ ಜಂತಿ ನೋಡುತ್ತಿದ್ದಳು.

“ಈ ಮಾತು ಮೂರು ವರ್ಷದ ಹಿಂದ ಬರಬೇಕಿತ್ತು ಬೀಗ್ರ.”

“ಹೌದ್ರೀ.”

“ಆ ಹುಡಿಗೀನ ನಾ ಏನೇನು ಅಂದೀನಿ ಅನ್ನೋದು ನನಗ ಗೊತ್ತು. ಅದನ್ನೆಲ್ಲಿ ಒಯ್ದು ಇಡ್ಲಿ ಈಗ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈ ಚಾಚಿದಳು. “ಆಕಿಗೆ ಫೋನ್ ಹಚ್ಚಿ ಕೊಡ್ರಿ.”

ಅವನು ಹಚ್ಚಿ ಕೊಟ್ಟ. ಹುಲಿಗೆಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. “ಉಂಡಿಯೇನವಾ?” ಎಂದಳು. ಮಾಳಿಂಗಪ್ಪ ಎದ್ದು ಅಂಗಳಕ್ಕೆ ಬಂದ.

ಸಿದ್ದರಾಮ ಆಗಲೇ ಹೊರಗೆ ಹೋಗಿ ಗಾಡಿಗೆ ಒರಗಿ ನಿಂತಿದ್ದ.

“ನಾನೂ ಅಂದೀನಿ ಮಾವ. ಒಂದೆರಡು ಸಲ ಕೈನೂ ಮಾಡೀನಿ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದರೆ ಚೆನ್ನಾಗಿತ್ತೆಂದು ಮಾಳಿಂಗಪ್ಪನಿಗೆ ಅನ್ನಿಸಿತು. “ಆಕಿ ಕಾಲು ಹಿಡೀಬೇಕು ನಾನು. ಐತ್ವಾರ ಗಾಡಿಗೆ ರಜಾ, ಅವತ್ತು ಬರ್ತೀನಿ. ನೀವು ಮನ್ಯಾಗ ಇರಬ್ಯಾಡ್ರಿ. ನಿಮ್ಮ ಮಾರಿ ನೋಡಾಕ ನನಗ ಆಗಂಗಿಲ್ಲ.”

“ಆತಪ್ಪ.”

“ಆ ಐತ್ವಾರ ಒಂದ ಅಲ್ಲ. ನಾ ಬಂದಾಗೆಲ್ಲ.”

“ಆತು. ನೀ ಬರೂದು ಬಿಡಬ್ಯಾಡ,” ಎಂದ ಮಾಳಿಂಗಪ್ಪ.

ಸಿಂಧನೂರಿನಲ್ಲಿ ಇಳಿದವನು ಊರ ಬಸ್ಸಿಗೆ ಕಾಯದೆ ನೆಟ್ಟಗೆ ಗಿರಣಿಗೆ ಹೋದ. ಪಾಳಿಯ ಪುಸ್ತಕ ನೋಡುವ ಜಂಬಣ್ಣ ಇನ್ನೇನು ಎದ್ದು ಹೊರಡುವವನಿದ್ದ.

“ಐತ್ವಾರದ ಹಗಲು ಪಾಳಿ ನನ್ನ ಹೆಸರಿಗೆ ಬರೀರಿ ಸಾವ್ಕಾರ.”

“ಯಾವ ಐತ್ವಾರದ್ದೋ?”

“ಎಲ್ಲಾ ಐತ್ವಾರದ್ದು,” ಎಂದ ಮಾಳಿಂಗಪ್ಪ.