ಸರದಿ ತಪ್ಪಿಸದವನು

ಮಗಳು ಶವದ ಗಾಡಿಯ ಹಿಂಬಾಗಿಲನ್ನು ದಡಾರನೆ ಮುಚ್ಚಿದಳು. ಗಲ್ಲಿಯಲ್ಲಿ ನಿಂತವರೆಲ್ಲ ಬೆಚ್ಚಿಬಿದ್ದರು.

"ಮೆಲ್ಲಗೆ ಕಣೇ," ಎಂದ ಚಿಕ್ಕಪ್ಪ. "ಪುಣ್ಯಾತ್ಮ, ಯಾರಿಗೂ ತೊಂದ್ರೆ ಕೊಡ್ದೆ ಹೋದ."

"ಚಿಕ್ಕಪ್ಪ, ಅಪ್ಪನ್ನ ಕೊಂದಿದ್ದೇ ಅದು! ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಕರಗ್ತಾ ಇತ್ತು."

"ಇವತ್ತೊಂದಿನ ಬಾಯಿ ಮುಚ್ಕೋ ತಾಯಿ."

*

ಮೂರು ದಿನದ ಹಿಂದೆ, ಕೀಮೋ ಆದ ಒಂಬತ್ತನೇ ದಿನ, ಅಪ್ಪನಿಗೆ ಚಳಿಜ್ವರ ಬಂದಿತ್ತು. ವಾರ್ಡಿನವರು ಕೊಟ್ಟ ಕೆಂಪು ಕಾರ್ಡಿನಲ್ಲಿ ದಪ್ಪಕ್ಷರದಲ್ಲೇ ಇತ್ತು: ಜ್ವರ ಬಂದರೆ ಮಾತ್ರೆ ನುಂಗಿ ಕಾಯಬೇಡಿ, ತಕ್ಷಣ ತುರ್ತು ವಿಭಾಗಕ್ಕೆ ಬನ್ನಿ. ಜನರೆದುರು ನಡುಗುತ್ತಾ ಕೂರಲು ನಾಚಿದ ಅಪ್ಪ, ಮಗಳಿಗೂ ಹೇಳದೆ ಎರಡು ಜ್ವರದ ಮಾತ್ರೆ ನುಂಗಿಯೇ ಅವಳ ಜೊತೆ ಆಸ್ಪತ್ರೆಗೆ ಹೊರಟ.

ತುರ್ತು ವಿಭಾಗದ ನರ್ಸ್ ಥರ್ಮಾಮೀಟರ್ ನೋಡಿದಳು. "ಜ್ವರಾನೇ ಇಲ್ವಲ್ಲಮ್ಮ, ಕೂತ್ಕೊಳ್ಳಿ." ಕಾರ್ಡಿನ ಕಡೆ ಕಣ್ಣೂ ಹಾಯಿಸಲಿಲ್ಲ.

ಮಗಳು ದನಿ ಏರಿಸಿದಾಗ ಅಪ್ಪನೇ ಕೈ ಹಿಡಿದೆಳೆದ. ನಲವತ್ತು ವರ್ಷ ಕ್ಷೌರದಂಗಡಿ ನಡೆಸಿದವನು; ಎಂಥ ಸಾಹೇಬ ಬಂದರೂ ಬೆಂಚಿನ ಸರದಿ ತಪ್ಪಿಸಿದವನಲ್ಲ. "ಬಿಡೇ, ಎಲ್ರಿಗೂ ಅರ್ಜೆಂಟೇ. ನನ್ನ ತಲೇಲಿ ಕತ್ತರಿಸೋಕೆ ಏನುಳಿದಿದೆ, ನಿಧಾನಕ್ಕೆ ಕರೀಲಿ," ಎಂದು ನಕ್ಕ. ಬೆರಳು ಕುಯ್ದುಕೊಂಡ ಹೆಂಗಸೊಬ್ಬಳನ್ನು ತನಗಿಂತ ಮುಂಚೆ ಕಳಿಸಿದ. ಮಗಳೂ ಬಾಯಿ ಮುಚ್ಚಿಕೊಂಡು ಕೂತಳು.

ನಾಲ್ಕು ಗಂಟೆ ಕಳೆದ ಮೇಲೆ ಅಪ್ಪ ಕುರ್ಚಿಯಿಂದ ಜಾರಿದ. ಅಷ್ಟರಲ್ಲಿ ನಂಜು ರಕ್ತಕ್ಕೇರಿತ್ತು. ಅವನ ಜೇಬಿನಲ್ಲಿ ಮಾತ್ರೆಯ ಖಾಲಿ ಹಾಳೆ ಮಗಳಿಗೆ ಸಿಕ್ಕಿದ್ದು ಆಮೇಲೆ.

*

ತಲೆಗೆ ಸ್ಕಾರ್ಫ್ ಕಟ್ಟಿದ ಟೀಚರಮ್ಮ ಶವದ ಗಾಡಿಯ ಬಳಿಗೆ ಬಂದು ಮಗಳ ಕೈ ಹಿಡಿದರು. ಕೀಮೋ ವಾರ್ಡಿನಲ್ಲಿ ಅಪ್ಪನ ಪಕ್ಕದ ಕುರ್ಚಿಯವರು. ಅವರ ಅಂಗೈ ಬೆವೆತು ತಣ್ಣಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು.

"ಜ್ವರ ಬಂದಿತ್ತಾ?"

"ಬೆಳಿಗ್ಗೆ ಸ್ವಲ್ಪ. ಮಾತ್ರೆ ತಗೊಂಡೆ. ನಾಳೆ ತೋರಿಸ್ತೀನಮ್ಮ, ಇವತ್ತು ನಿಮಗ್ಯಾಕೆ ತೊಂದ್ರೆ..."

"ಹತ್ತಿ!"

"ಎಲ್ಲಿಗೆ?"

"ಮುಂದಿನ ಸೀಟಿಗೆ. ಡ್ರೈವರಣ್ಣ, ಮೊದಲು ಆಸ್ಪತ್ರೆಗೆ ನಡಿ."

"ಹೆಣ ಇಟ್ಕೊಂಡಾ? ತಲೆಗಿಲೆ ಕೆಟ್ಟಿದೆಯೇನೇ?" ಚಿಕ್ಕಪ್ಪ ಅಡ್ಡ ಬಂದ.

"ಅಪ್ಪ ಕಾಯ್ತಾರೆ ಬಿಡಿ. ಅದರಲ್ಲಿ ಅವರನ್ನ ಮೀರಿಸೋರಿಲ್ಲ."

ತುರ್ತು ವಿಭಾಗದಲ್ಲಿ ಅದೇ ನರ್ಸ್ ಥರ್ಮಾಮೀಟರ್ ಎತ್ತಿಕೊಂಡಳು. ಮಗಳು ಅದನ್ನು ಕಿತ್ತುಕೊಂಡಳು.

"ಇದನ್ನ ನಂಬಬೇಡಿ! ಕೀಮೋ ಪೇಷೆಂಟು, ಜ್ವರದ ಮಾತ್ರೆ ನುಂಗಿದ್ದಾರೆ. ರಕ್ತ ತೆಗೀರಿ, ಆಂಟಿಬಯಾಟಿಕ್ ಹಾಕಿ. ಈಗ್ಲೇ!"

"ನಾವೂ ಕಾಯ್ತಾ ಇದೀವಲ್ರೀ," ಎಂದರು ಬೆಂಚಿನಿಂದ ಯಾರೋ.

"ಕಾಯಿರಿ!"

ನರ್ಸ್ ಅವಳ ಮುಖ ನೋಡಿದಳು, ಗುರುತು ಹಿಡಿದಳು, ಟೀಚರಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ಓಡಿದಳು. ಗಾಜಿನ ಬಾಗಿಲಾಚೆ, ಅಡ್ಡಾದಿಡ್ಡಿ ನಿಂತ ಶವದ ಗಾಡಿಯನ್ನು ತೆಗೆಸಲು ಸೀಟಿ ಊದುತ್ತಾ ಬಂದ ಕಾವಲುಗಾರ ಹಿಂದಿನ ಕಿಟಕಿಯಲ್ಲಿ ಇಣುಕಿದ. ಸೀಟಿ ಬಾಯಲ್ಲೇ ಇತ್ತು. ಅವನು ನಿಧಾನವಾಗಿ ಟೋಪಿ ತೆಗೆದು, ಹಿಂದಿನ ಕಾರುಗಳಿಗೆ ನಿಲ್ಲಿ ಎಂದು ಕೈ ಅಡ್ಡ ಹಿಡಿದ.