ಹತ್ತು ಟ್ಯೂಬು, ಒಂದೇ ಎಮ್ಮೆ

ನಾನು ಎಮ್ಮೆ. ಹೆಸರು ತುಂಗಿ, ವಯಸ್ಸು ಹದಿನಾರು. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ಎಮ್ಮೆಗೆಂಥ ಸಿಟ್ಟು, ಅದರ ಮೇಲೆ ಮಳೆ ಸುರಿದರೂ ಗೊತ್ತಾಗುವುದಿಲ್ಲ ಎಂದು ನಗುವವರು ಈಗಲೇ ಎದ್ದು ಹೋಗಲಿ. ಮಳೆ ಸುರಿದದ್ದು ನನಗೆ ಚೆನ್ನಾಗಿ ಗೊತ್ತಾಗುತ್ತದೆ. ಹೇಳುವುದಿಲ್ಲ, ಅಷ್ಟೇ.

ನಾನು ಹುಟ್ಟಿದ್ದು ಧಾರವಾಡದ ಕಡೆಯ ಒಂದು ಗೌಳಿ ದಡ್ಡಿಯಲ್ಲಿ, ಎಮ್ಮೆ ಸಾಕುವವರ ಹಟ್ಟಿಯಲ್ಲಿ. ಧೋಂಡಿಬಾ ಎಂಬ ಗೌಳಿಯ ಹದಿನೆಂಟು ಎಮ್ಮೆಗಳಲ್ಲಿ ನನ್ನ ಅವ್ವನೂ ಒಬ್ಬಳು. ನಾನು ನೆಲಕ್ಕೆ ಬಿದ್ದ ಕೂಡಲೇ ಧೋಂಡಿಬಾ ತನ್ನ ರುಮಾಲಿನಿಂದ ನನ್ನ ಮೂಗು ಒರೆಸಿದನಂತೆ. ಒದೆಯುವ ಎಮ್ಮೆಯನ್ನು ಸಂತೆಯಲ್ಲಿ ಯಾರೂ ಕೇಳುವುದಿಲ್ಲ ಎಂದು ಅವನಿಗೆ ಗೊತ್ತು. ಅದಕ್ಕೇ ದಿನಾ ಸಂಜೆ ನನ್ನ ಕಾಲು ತಿಕ್ಕುತ್ತಿದ್ದ, ಕೆಚ್ಚಲು ಸವರುತ್ತಿದ್ದ. ನಾನು ಒದ್ದರೆ ಹೊಡೆಯುತ್ತಿರಲಿಲ್ಲ, ಬೆನ್ನು ತಿರುಗಿಸಿ ಹೊರಟುಬಿಡುತ್ತಿದ್ದ. ಅದು ನನಗೆ ಹೊಡೆತಕ್ಕಿಂತ ಕಷ್ಟ. ಹಾಗೆ ನಾನು ಸಾಧುವಾದೆ.

ಮೂರೂವರೆ ವರ್ಷಕ್ಕೆ ಗಬ್ಬವಾದಾಗ ನನ್ನನ್ನು ಸಂತೆಗೆ ಹೊಡೆದರು. ಗೊಂಜಾಳಕೊಪ್ಪದ ಶಾವಂತ್ರವ್ವ ನನ್ನ ಕೆಚ್ಚಲು, ಗೊರಸು, ಹಲ್ಲು ಎಲ್ಲ ಮುಟ್ಟಿ ನೋಡಿದಳು. ನಾನು ಕಲ್ಲಿನ ಹಾಗೆ ನಿಂತೆ.

"ಏನ್ ಸಾಧು ಐತೋ ಯಪ್ಪಾ!" ಎಂದು ಹಗ್ಗ ಹಿಡಿದೇಬಿಟ್ಟಳು.

ಆಕೆಯ ಮುಖ ನನಗೆ ಅಷ್ಟು ಪರಿಚಯವಿಲ್ಲ. ನನಗೆ ಗೊತ್ತಿರುವುದು ಅವಳ ಒಡೆದ ಹಿಮ್ಮಡಿ, ಕಚ್ಚೆ ಎತ್ತಿ ಕಟ್ಟಿದ ಸೀರೆಯ ಅಂಚು, ಹಾಲು ಹಿಂಡುವಾಗ ನನ್ನ ಹೊಟ್ಟೆಗೆ ಒತ್ತುವ ಅವಳ ಹಣೆ. ಡೈರಿಗೆ ಎರಡು ಹೊತ್ತು ಹಾಲು ಹಾಕಿ ಮನೆ ನಡೆಸುವವಳು. ಒಳ್ಳೆಯವಳು. ಆದರೂ ಅವಳ ಮೇಲೂ ನನಗೆ ಸಿಟ್ಟಿದೆ. ಯಾಕೆಂದು ಹೇಳುತ್ತೇನೆ.

ಆ ಮನೆಯಲ್ಲಿ ನಾನು ಏಳು ಗಂಡುಗರು ಹೆತ್ತೆ. ಎಮ್ಮೆಯ ಗಂಡುಗರು ಯಾರಿಗೆ ಬೇಕು? ಒಂದೊಂದಾಗಿ ಹಗ್ಗ ಬಿಚ್ಚಿ ಒಯ್ದುಬಿಟ್ಟರು. ಎಂಟನೆಯದು ಹೆಣ್ಣು. ಶಾವಂತ್ರವ್ವ ಓಣಿಗೆಲ್ಲ ಗಿಣ್ಣ ಹಂಚಿದಳು. ಸಣ್ಣಿ ಎಂದು ಹೆಸರಿಟ್ಟಳು. ಇದೊಂದನ್ನು ಯಾರೂ ಒಯ್ಯುವುದಿಲ್ಲ ಎಂದು ನಾನು ಮೊದಲ ಸಲ ನಿಶ್ಚಿಂತೆಯಿಂದ ಮೆಲುಕು ಹಾಕಿದೆ.

ದನಗಳಿಗೆ ಕಾಲುಬಾಯಿ ಬೇನೆ ಎಂಬುದೊಂದು ಇದೆ. ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಗುಳ್ಳೆ ಏಳುತ್ತವೆ. ಮೇಯಲಾಗುವುದಿಲ್ಲ, ನಡೆಯಲಾಗುವುದಿಲ್ಲ, ಹಾಲು ಬತ್ತುತ್ತದೆ. ಎಳೆ ಕರುಗಳಿಗೆ ಎದೆಗೇ ಬಡಿಯುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಸಲ ದನದ ದವಾಖಾನೆಯ ಗುರುಸಿದ್ದಪ್ಪ ಐಸಿನ ಡಬ್ಬಿ ಹಿಡಿದು ಬಂದು ಎಲ್ಲರಿಗೂ ಸೂಜಿ ಹಾಕುತ್ತಾನೆ. ನನಗೆ ಅಂಥ ಇಪ್ಪತ್ತಕ್ಕೂ ಹೆಚ್ಚು ಸೂಜಿ ಬಿದ್ದಿವೆ. ಸಣ್ಣಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲ ಸೂಜಿ ಬಿತ್ತು, ಕಿವಿಗೆ ನಂಬರಿನ ಹಳದಿ ಬಿಲ್ಲೆಯೂ ಬಿತ್ತು.

ಸೂಜಿ ಹಾಕಿದ ಇಪ್ಪತ್ತೆಂಟನೆಯ ದಿನ ಗುರುಸಿದ್ದಪ್ಪ ಮತ್ತೆ ಬಂದ. ಈ ಸಲ ಖಾಲಿ ಟ್ಯೂಬುಗಳ ಪೆಟ್ಟಿಗೆ ತಂದಿದ್ದ. ಊರಿನ ಹತ್ತು ದನಗಳ ರಕ್ತ ಬೇಕಂತೆ. ಮುದಿಯವು, ಹರೆಯದವು, ಎಳೆಯವು, ಹೀಗೆ ಬೇರೆ ಬೇರೆ ಹತ್ತು. ಲಸಿಕೆ ಯಾರ ಮೈಯಲ್ಲಿ ಎಷ್ಟು ಹತ್ತಿದೆ ಎಂದು ಲ್ಯಾಬಿನಲ್ಲಿ ಅಳೆಯುತ್ತಾರಂತೆ. ಪಟ್ಟಿಯಲ್ಲಿ ಸಣ್ಣಿಯ ನಂಬರೂ ಇತ್ತು.

ಅವನು ಮೊದಲು ನನ್ನ ಕುತ್ತಿಗೆಯ ನರ ಹುಡುಕಿ ಒಂದು ಟ್ಯೂಬು ತುಂಬಿಸಿದ. ನಾನು ಅಲುಗಲಿಲ್ಲ. ಆಮೇಲೆ ಸಣ್ಣಿಯ ಕಡೆ ತಿರುಗಿದ. ಅವಳು ಚಂಗನೆ ಹಾರಿ ಗೋದಲಿಗೆ ಡಿಕ್ಕಿ ಹೊಡೆದಳು. ಶಾವಂತ್ರವ್ವ ಅಡ್ಡ ಬಂದಳು.

"ಎಳೀ ಕರಾ ಐತ್ರಿ, ಅದಕ್ಯಾಕ ಚುಚ್ತೀರಿ? ತಾಯೀದ ತಗೋರಿ. ತಾಯಿ ರಕ್ತ, ಮಗಳ ರಕ್ತ ಒಂದ ಅಲ್ಲೇನ್ರಿ?"

ಗುರುಸಿದ್ದಪ್ಪ ತನ್ನ ಮಂಡಿ ಸವರಿಕೊಂಡ. ಹಿಂದೊಮ್ಮೆ ಹೋರಿಯೊಂದು ಒದ್ದು ಅವನ ಮಂಡಿ ಮುರಿದಿತ್ತು, ಇವತ್ತಿಗೂ ಕುಂಟುತ್ತಾನೆ. ಅವತ್ತು ಇನ್ನೂ ಮೂರು ಊರು ತಿರುಗಬೇಕಿತ್ತು. ಉಳಿದ ಎಂಟು ದನಗಳು ಹೊಲಕ್ಕೆ ಹೋಗಿದ್ದವು.

"ಹಂಗಂತೀಯಾ?" ಎಂದ.

ಅಷ್ಟೇ. ಹತ್ತು ಟ್ಯೂಬನ್ನೂ ನನ್ನ ಒಂದೇ ಕುತ್ತಿಗೆಯಿಂದ ತುಂಬಿಸಿದ. ಒಂದೊಂದರ ಮೇಲೂ ಒಂದೊಂದು ಬಿಲ್ಲೆಯ ನಂಬರು ಬರೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ನಾನು ಸಾಧು ಎಮ್ಮೆಯಲ್ಲವೇ, ನಿಂತೇ ಇದ್ದೆ. ಥೂ ನನ್ನ ಸಾಧುತನಕ್ಕಿಷ್ಟು.

ಹದಿನೈದು ದಿನಕ್ಕೆ ಲ್ಯಾಬಿನಿಂದ ಕಾಗದ ಬಂತು. ಹತ್ತಕ್ಕೆ ಹತ್ತೂ ಪಾಸು! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು. ಮೀಟಿಂಗಿನಲ್ಲಿ ಗುರುಸಿದ್ದಪ್ಪನಿಗೆ ಶಾಲು ಹೊದಿಸಿದರಂತೆ. ಆ ಶಾಲು ಹೊದ್ದುಕೊಂಡೇ ಅವನು ನಮ್ಮ ಓಣಿಯಲ್ಲಿ ಕುಂಟುತ್ತ ಹಾದುಹೋದ.

ಇನ್ನೊಂದು ತಿಂಗಳಿಗೆ ಬೇನೆ ಊರೊಳಕ್ಕೆ ಬಂತು. ಮೊದಲು ಕೆರೆದಂಡೆಯ ಮನೆಯ ಹರೆಯದ ಹಸುಗಳು ಜೊಲ್ಲು ಸುರಿಸಿದವು. ಆಮೇಲೆ ನಮ್ಮ ಓಣಿ. ನನ್ನ ನಾಲಿಗೆಯ ಮೇಲೂ ಒಂದೆರಡು ಗುಳ್ಳೆ ಎದ್ದು ಮೂರು ದಿನಕ್ಕೆ ಆರಿದವು. ಸಣ್ಣಿಗೆ ಗುಳ್ಳೆ ಏಳುವಷ್ಟೂ ಪುರುಸೊತ್ತಾಗಲಿಲ್ಲ. ಬೆಳಗ್ಗೆ ಹಾಲಿಗೆ ಬಿಟ್ಟರು. ನನ್ನ ಮೊಲೆ ಅವಳ ಬಾಯಲ್ಲೇ ಇತ್ತು. ನಾಲ್ಕು ಗುಟುಕು ಕುಡಿದಳು, ಮುಂಗಾಲು ಮಡಚಿದಳು, ಹಾಗೇ ಒರಗಿದಳು. ನಾನು ನೆಕ್ಕಿದೆ. ಬಹಳ ಹೊತ್ತು ನೆಕ್ಕಿದೆ.

ಎಂಟು ದಿನ ಕಳೆದು ಲ್ಯಾಬಿನಿಂದ ತಬಸ್ಸುಮ್ ಡಾಕ್ಟರು ಬಂದರು. ಕೈಯಲ್ಲಿ ಆ ಕಾಗದ. ಗುರುಸಿದ್ದಪ್ಪ ಅವರ ಹಿಂದೆ ನಿಂತಿದ್ದ, ಶಾಲು ಇರಲಿಲ್ಲ.

"ಅವ್ವಾರ, ಈ ರೋಗಾಣು ಮೊದಲಿನಂಗ ಉಳದಿಲ್ಲ, ವೇಷ ಬದಲಿಸೇದ," ಎಂದು ಅವರು ಶಾವಂತ್ರವ್ವನಿಗೆ ಹೇಳಿದರು. "ಲಸಿಕೆ ಹಳೇ ವೇಷಕ್ಕ ಮಾಡಿದ್ದು. ಭಾಳ ಸಲ ಸೂಜಿ ಬಿದ್ದ ದನ ಹೊಸ ವೇಷಾನೂ ಗುರುತು ಹಿಡಿತಾವ. ಒಂದೆರಡ ಸಲ ಬಿದ್ದವು ಹಿಡಿಯಂಗಿಲ್ಲ. ಅದನ್ನ ತಿಳ್ಕೊಳ್ಳಾಕ ನಾವು ಬ್ಯಾರೆ ಬ್ಯಾರೆ ವಯಸ್ಸಿನ ರಕ್ತ ಕೇಳೋದು. ಆದ್ರ ಇಲ್ಲೆ ಹತ್ತೂ ದನದ ಅಂಕಿ ಒಂದ ಅದ. ಅವಳಿ ಜವಳಿಯಾದ್ರೂ ಇಷ್ಟು ಹೋಲಂಗಿಲ್ಲ."

ಶಾವಂತ್ರವ್ವನೇ ಬಾಯಿಬಿಟ್ಟಳು.

"ನಾನ ಹೇಳಿದ್ನಿರಿ. ಕರಕ್ಕ ಚುಚ್ಚಬ್ಯಾಡ್ರಿ, ತಾಯೀದ ತಗೋರಿ ಅಂತ."

ಒಳಗೆ ಹೋಗಿ ಸತ್ತ ಕರುವಿನ ಕಿವಿಯಿಂದ ಬಿಚ್ಚಿದ ಬಿಲ್ಲೆ ತಂದುಕೊಟ್ಟಳು. ಡಾಕ್ಟರು ನಂಬರು ಹುಡುಕಿ ಕಾಗದದ ಮೇಲೆ ಬೆರಳಿಟ್ಟರು.

"ಈ ಕರಾ ಪೂರಾ ಸುರಕ್ಷಿತ ಅಂತ ಐತಿ ಇಲ್ಲೆ."

"ಖರೇ ರಕ್ತ ಕೊಟ್ಟಿದ್ರ?"

"ಗೊತ್ತಾಗ್ತಿತ್ತು. ಎಳೇವಕ್ಕೆಲ್ಲ ಆವಾಗ್ಲೇ ಇನ್ನೊಂದ ಸೂಜಿ ಹಾಕಸ್ತಿದ್ವಿ. ತಿಂಗಳ ಟೈಮ್ ಇತ್ತು." ಆಮೇಲೆ ಮೆಲ್ಲಗೆ ಹೇಳಿದರು, "ಅಂಕಿ ನಾನೂ ನೋಡಬೇಕಿತ್ತು. ಪಾಸಾದ ಕಾಗದ ಯಾರು ಮತ್ತ ತಗದ ನೋಡ್ತಾರ್ರಿ."

ಶಾವಂತ್ರವ್ವ ಗೋದಲಿ ಹಿಡಿದು ಕುಕ್ಕರಿಸಿದಳು. ಅವಳ ಅಳು ಕೇಳಿ ನನಗೆ ಮರುಕ ಬರಬೇಕಿತ್ತು. ಬರಲಿಲ್ಲ. ನನ್ನ ರಕ್ತ ನನ್ನ ಮಗಳ ನಂಬರು ಹೊತ್ತು ಹೋಗಿ, ಅವಳಿಗೇನೂ ಆಗುವುದಿಲ್ಲ ಎಂದು ಸುಳ್ಳು ಸಾಕ್ಷಿ ಹೇಳಿ ಬಂದಿತ್ತು. ಹಾಗೆ ಹೇಳಿಸಿದವರು ಇಲ್ಲೇ ನಿಂತಿದ್ದಾರೆ. ಹಾಗೆ ಹೇಳಿಸಿಕೊಂಡು ಅಲುಗದೆ ನಿಂತವಳು ನಾನು.

ಗುರುಸಿದ್ದಪ್ಪನಿಗೆ ನೋಟಿಸು ಕೊಟ್ಟರಂತೆ. ಅವನು ಉತ್ತರ ಬರೆದನಂತೆ. ಮುಗಿಯಿತು. ಆರು ತಿಂಗಳಿಗೆ ಹೊಸ ಸೂಜಿಯ ಸುತ್ತು ಬಂತು, ಅದಾದ ಇಪ್ಪತ್ತೆಂಟನೆಯ ದಿನ ಅದೇ ಮನುಷ್ಯ, ಅದೇ ಕುಂಟುಗಾಲು, ಅದೇ ಪೆಟ್ಟಿಗೆ. ನೇರ ನನ್ನ ಹತ್ತಿರವೇ ಬಂದ! ನಾಚಿಕೆಗೇಡಿತನಕ್ಕೂ ಒಂದು ಮಿತಿ ಬೇಡವೇ?

"ಬಾರವ್ವ ತುಂಗಿ, ನೀ ಬಂಗಾರದಂಥಾಕಿ," ಎಂದು ಪೆಟ್ಟಿಗೆಯನ್ನು ನನ್ನ ಹಿಂಗಾಲ ಪಕ್ಕ ಇಟ್ಟ.

ಒಂದು ಟ್ಯೂಬು ಕೊಟ್ಟೆ. ಅದು ನನ್ನದು, ಕೊಡಬೇಕು. ಎರಡನೆಯದಕ್ಕೆ ಕೈ ಹಾಕಿದ ಕೂಡಲೇ ಒದ್ದೆ. ಇಷ್ಟು ವರ್ಷ ತುಂಬಿಸಿಟ್ಟ ಒದೆತವೆಲ್ಲ ಆ ಒಂದರಲ್ಲಿತ್ತು. ಪೆಟ್ಟಿಗೆ ಹಾರಿ ಸಗಣಿಯಲ್ಲಿ ಬಿತ್ತು. ಗುರುಸಿದ್ದಪ್ಪ ಗೋಡೆಗೆ ಅಂಟಿಕೊಂಡ.

"ಏ ಶಾವಂತ್ರವ್ವ! ಹುಚ್ಚ ಹಿಡದೈತಿ ಇದಕ್ಕ, ಹಿಡಿ!"

ಶಾವಂತ್ರವ್ವ ಬಂದಳು. ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. ಬಡಿಗೆ ಎತ್ತುತ್ತಾಳೆ ಎಂದುಕೊಂಡೆ. ಅವಳು ಪೆಟ್ಟಿಗೆ ಎತ್ತಿ ಸೆರಗಿನಿಂದ ಒರೆಸಿ ತಾನೇ ಬಗಲಿಗೆ ಹಿಡಿದಳು.

"ಇದನ್ನ ಹಿಡಿಯಂಗಿಲ್ಲ. ಉಳದ ಒಂಬತ್ತ ದನ ಎಲ್ಲೆಲ್ಲಿ ಅದಾವ, ನಡೀರಿ. ಒಂದೊಂದನ್ನೂ ನಾ ಹಿಡಿತೀನಿ. ನೀವು ತಗೀರಿ."

ಮಧ್ಯಾಹ್ನ ದಾಟುವವರೆಗೆ ಹೊಲ, ಕೆರೆದಂಡೆ, ಓಣಿ ಎಲ್ಲ ಸುತ್ತಿದರಂತೆ. ಮರಳಿದಾಗ ಶಾವಂತ್ರವ್ವನ ಮೊಣಕೈ ತರಚಿತ್ತು, ಗುರುಸಿದ್ದಪ್ಪನ ಅಂಗಿ ಹರಿದಿತ್ತು. ಟ್ಯೂಬು ಹತ್ತೂ ತುಂಬಿದ್ದವು.

ಈ ಸಲ ಹತ್ತರಲ್ಲಿ ನಾಲ್ಕೇ ಪಾಸು. ಊರಿನ ಮಾನ ಹೋಯಿತೆಂದು ಪಂಚಾಯಿತಿ ಕಟ್ಟೆಯ ಮೇಲೆ ಗದ್ದಲವಾಯಿತು. ತಬಸ್ಸುಮ್ ಡಾಕ್ಟರು ಮಾತ್ರ ವಾರದೊಳಗೆ ಎಳೆಯ ದನಗಳಿಗೆಲ್ಲ ಇನ್ನೊಂದು ಸೂಜಿ ಕಳಿಸಿದರು. ಆ ಚಳಿಗಾಲದಲ್ಲಿ ಬೇನೆ ಅಕ್ಕಪಕ್ಕದ ಎರಡು ಊರಿಗೆ ಬಂತು. ನಮ್ಮೂರಲ್ಲಿ ಒಂದು ಕರುವೂ ಸಾಯಲಿಲ್ಲ.

ಈಗ ನನಗೆ ಹಾಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿದ್ದಾರೆ. ಮುದುಕಿ ಒದೆಯುತ್ತಾಳೆ ಎಂದು ಮಕ್ಕಳಿಗೆ ದೂರ ನಿಲ್ಲಲು ಹೇಳುತ್ತಾರೆ, ನಿಲ್ಲಲಿ. ವಯಸ್ಸಾದರೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ಗುರುಸಿದ್ದಪ್ಪನಿಗೆ ಬೇರೆ ತಾಲೂಕಿಗೆ ವರ್ಗವಾಗಿದೆಯಂತೆ, ಬಡ್ತಿಯೂ ಸಿಕ್ಕಿದೆಯಂತೆ. ಆ ತಾಲೂಕಿನಲ್ಲೂ ಯಾವುದಾದರೂ ಊರಲ್ಲಿ ಒಂದು ಸಾಧು ಎಮ್ಮೆ ಇದ್ದೇ ಇರುತ್ತದೆ. ತಂಗೀ, ಅವನು ನಿನಗೂ ಬಂಗಾರದಂಥಾಕಿ ಎನ್ನುತ್ತಾನೆ. ಒಂದು ಟ್ಯೂಬು ಕೊಡು. ಎರಡನೆಯದಕ್ಕೆ ಒದಿ.