ಮಿದುಳಿಗೆ ಹಾಕುವ ಮುನ್ನ ಪರೀಕ್ಷೆಯ ಕಾಗದ ಕೇಳಿ

ಅಪ್ಪಾಸಾಹೇಬರ ಕೈ ನಡುಗಲು ಶುರುವಾಗಿ ಆರು ವರ್ಷ. ಪಾರ್ಕಿನ್ಸನ್ ಕಾಯಿಲೆ. ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನ ಎಣ್ಣೆ ಕಂಪನಿಗೆ ನಕ್ಷೆ ಬರೆಯುತ್ತಿದ್ದ ಮನುಷ್ಯ, ಈಗ ಅಂಗಿಯ ಗುಂಡಿ ಹಾಕಲೂ ಹೆಂಡತಿ ಸೀತಾಬಾಯಿಯನ್ನು ಕರೆಯಬೇಕು. ನೋಡಿದರೆ ಕರುಳು ಚುರ್ ಅನ್ನುತ್ತದೆ. ಅದಕ್ಕೇ ಪಕ್ಕದ ಮನೆಯ ನಾನು, ವಸಂತಾ, ದೊಡ್ಡ ಉಪಕಾರಿಯ ಹಾಗೆ ಅವರಿಗೊಂದು ಕರಪತ್ರ ತಂದುಕೊಟ್ಟೆ.

ಅದನ್ನು ನನಗೆ ಕೊಟ್ಟವರು ರಘೂತ್ತಮ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಪಕ್ಕದಲ್ಲೇ ಕೂತಿದ್ದರು. ದೇಶದ ಗಡಿಯಾಚೆಯ ಒಂದು ಕ್ಲಿನಿಕ್ಕಿಗೆ ರೋಗಿಗಳನ್ನು ಕಳಿಸುವುದು ಅವರ ಕೆಲಸ. ಅಲ್ಲಿ ಲ್ಯಾಬಿನಲ್ಲಿ ಬೆಳೆಸಿದ ನರಕೋಶಗಳನ್ನು ಮಿದುಳಿಗೆ ಹಾಕುತ್ತಾರಂತೆ, ನಡುಕ ನಿಲ್ಲುತ್ತದಂತೆ. ಧಾರವಾಡದವರು, ನಮ್ಮವರು ಅಂದ ಮೇಲೆ ಕೆದಕಿ ಕೇಳಿದರೆ ಅವಮಾನ ಮಾಡಿದ ಹಾಗಲ್ಲವೇ ಅಂತ ಸುಮ್ಮನಾದೆ. ನನ್ನ ಬುದ್ಧಿಗೆ ಏನನ್ನಬೇಕು!

2003ರ ಮೇ ತಿಂಗಳು. ಗಂಡ ಹೆಂಡತಿ ಶುಕ್ರವಾರ ಆ ಕ್ಲಿನಿಕ್ಕಿಗೆ ಹೊರಡುವುದೆಂದು ಟಿಕೆಟ್ ಆಗಿತ್ತು. ಅದಕ್ಕೆ ಮುಂಚಿನ ಶನಿವಾರ ಅಪ್ಪಾಸಾಹೇಬರ ಮನೆಗೆ ಪರಿಚಯದ ಸಮೀಕ್ಷಾ ಊಟಕ್ಕೆ ಬಂದಳು, ನಾನೂ ಇದ್ದೆ. ಹ್ಯೂಸ್ಟನ್‌ನಲ್ಲಿ ಪಿಎಚ್‌ಡಿ ಮಾಡುವ ಹುಡುಗಿ, ಲ್ಯಾಬಿನಲ್ಲಿ ನರಕೋಶ ಬೆಳೆಸುವುದೇ ಅವಳ ಕೆಲಸ. ವಿಷಯ ಕೇಳಿದವಳೇ ರೊಟ್ಟಿ ಕೆಳಗಿಟ್ಟಳು.

"ಏನೇನು ಟೆಸ್ಟ್ ಮಾಡಿದಾರೆ ಅಂಕಲ್?"

"ರಕ್ತ, ಇಸಿಜಿ, ಎಲ್ಲಾ ಮಾಡ್ಯಾರವಾ," ಅಂದರು ಅಪ್ಪಾಸಾಹೇಬ.

"ನಿಮಗಲ್ಲ. ಆ ಕೋಶಗಳಿಗೆ?"

ನಾನು ಕರಪತ್ರ ತಿರುವಿ ಹುಡುಕಿದೆ, ಆ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಆಂಟಿ, ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡೀಲಿ ಅಕ್ಕಿ ಚೀಲ ಬಿಚ್ಚಿಸಿ, ಹುಳ ಇದ್ಯಾ ಅಂತ ನೋಡಿ ತಗೋತೀರ. ಅಂಕಲ್ ತಲೆಗೆ ಹಾಕೋದನ್ನ ವಿಚಾರಿಸಬೇಡ್ವಾ?"

ತಕ್ಷಣ ರಘೂತ್ತಮರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆವು.

"ಟೆಸ್ಟಾ? ಅವು ತಾಜಾ ಬರ್ತಾವ್ರೀ. ಟೆಸ್ಟ್ ಮಾಡ್ಕೋತ ಕೂತ್ರ ಸತ್ತು ಹೋಗ್ತಾವ," ಅಂದರು ಅವರು.

"ಮನುಷ್ಯರ ಕೋಶಾನಾ ಸರ್, ಪ್ರಾಣಿಗಳದ್ದಾ?" ಸಮೀಕ್ಷಾ ಕೇಳಿದಳು.

"ಅದನ್ನ ನನಗೂ ಹೇಳಿಲ್ರೀ."

ಯಾವುದರ ಕೋಶ ಅಂತಲೇ ಗೊತ್ತಿಲ್ಲ!

ಸೀತಾಬಾಯಿ ಫೋನಿನತ್ತ ಬಾಗಿದರು. "ನಿಮ್ಮವ್ವಗೂ ಇದ ಬ್ಯಾನಿ ಅದ ಅಂದಿದ್ರಿ. ಆಕಿಗೆ ಹಾಕಿಸೀರೇನು?"

ಆ ಕಡೆಯಿಂದ ಫೋನ್ ಇಟ್ಟುಬಿಟ್ಟರು.

ಅಪ್ಪಾಸಾಹೇಬರು ಸಿಡಿದರು. "ನೀವು ಟೆಸ್ಟ್ ಮುಗಸೂತನಕಾ ನಾ ಇರ್ತೀನೇನು? ನಡಗಾಂವ ನಾನು, ನೀವಲ್ಲ!"

ಸಮೀಕ್ಷಾಳ ಕಣ್ಣು ತುಂಬಿ ಬಂತು. "ಅಂಕಲ್, ಚಳಿಗಾಲದಲ್ಲಿ ನಾನೇ ಬೆಳೆಸಿದ ಕೋಶಗಳು, ಮೈಕ್ರೋಸ್ಕೋಪಲ್ಲಿ ಎಷ್ಟು ಚೆನ್ನಾಗಿ ಕಾಣ್ತಿದ್ವು ಗೊತ್ತಾ? ಇಲಿಗೆ ಹಾಕಿದ್ವಿ. ಎಂಟೇ ವಾರಕ್ಕೆ ತಲೆಯೊಳಗೆ ಗಡ್ಡೆ. ಒಂದ್ಸಲ ಒಳಗೆ ಸೇರಿದ್ಮೇಲೆ ಹೆಕ್ಕಿ ತೆಗೆಯೋಕೆ ಆಗಲ್ಲ. ಅದಕ್ಕೇ ಮೊದಲೇ ನೋಡ್ತೀವಿ. ಸೋಂಕಿದ್ಯಾ, ನಿಮ್ಮ ಮಿದುಳಿಗೆ ಬೇಕಾದ ಡೋಪಮಿನ್ ತಯಾರಿಸುತ್ತಾ, ಸುಮ್ನೆ ಬೆಳೀತಾನೇ ಹೋಗುತ್ತಾ ಅಂತ. ಎಲ್ಲಾ ಪಾಸಾದ್ರೂ ಗುಣ ಆಗುತ್ತೆ ಅಂತ ಯಾರೂ ಬರೆದುಕೊಡಲ್ಲ. ಇದಿನ್ನೂ ಪ್ರಯೋಗ."

ಅಪ್ಪಾಸಾಹೇಬರು ಕರಪತ್ರವನ್ನು ನನ್ನತ್ತ ತಳ್ಳಿದರು. "ಟಿಕೆಟ್ ಕ್ಯಾನ್ಸಲ್ ಮಾಡು," ಅಂದರು ಹೆಂಡತಿಗೆ. ಸೀತಾಬಾಯಿ ಅತ್ತುಬಿಟ್ಟರು.

ಆಗ ನನಗೆ ನೆನಪಾಯಿತು. ಅಯ್ಯೋ ದೇವರೇ! ಅದೇ ಕರಪತ್ರವನ್ನು ಡಲ್ಲಾಸ್‌ನ ಹಾಲಪ್ಪನವರಿಗೂ ಕಳಿಸಿದ್ದೆ. ಅವರಿಗೂ ಇದೇ ಕಾಯಿಲೆ. ಕೂಡಲೇ ಫೋನ್ ಮಾಡಿದೆ. ತೆಗೆದದ್ದು ಅವರ ಹೆಂಡತಿ ರಮಾ.

"ಮಂಗಳವಾರಾನೇ ಆಪರೇಷನ್ ಆಯ್ತು ಕಣೇ! ನಿನ್ನ ಉಪಕಾರ ಮರೆಯೋ ಹಾಗಿಲ್ಲ."

"ಆ ಕೋಶಗಳಿಗೆ ಏನು ಟೆಸ್ಟ್ ಮಾಡಿದ್ರು ರಮಾ?"

"ಅದೆಲ್ಲ ನಾವು ಕೇಳ್ಲಿಲ್ಲಪ್ಪ. ನೀನು ಹೇಳಿದ್ಯಲ್ಲ, ಸಾಕು ಅನ್ನಿಸ್ತು."

ಎಲ್ಲವನ್ನೂ ಹೇಳಿದೆ. ಸೋಮವಾರವೇ ಹಾಲಪ್ಪನವರನ್ನು ಹ್ಯೂಸ್ಟನ್‌ಗೆ ಕರೆಸಿ ಇಲ್ಲಿನ ನರರೋಗ ವೈದ್ಯರಿಗೆ ತೋರಿಸಿದೆವು. ಒಳಗೆ ಹೋಗಿರುವುದು ಏನೆಂದು ವೈದ್ಯರಿಗೂ ಗೊತ್ತಿಲ್ಲ. ಕಾಯಬೇಕು, ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು ಅಂದರು.

ಓದುತ್ತಿರುವವರೇ, ನಿಮ್ಮ ಮನೆಯವರ ಮಿದುಳಿಗೆ ಏನನ್ನಾದರೂ ಹಾಕುತ್ತೇವೆಂದರೆ ಬಾಯಿಬಿಟ್ಟು ಕೇಳಿ. ಯಾವುದರ ಕೋಶ, ಏನೇನು ಪರೀಕ್ಷೆ ಆಗಿದೆ, ಈ ಪ್ರಯೋಗಕ್ಕೆ ಅನುಮತಿ ಕೊಟ್ಟವರು ಯಾರು? ಕಾಗದದಲ್ಲಿ ಬರೆಸಿಕೊಂಡು ನಿಮ್ಮ ವೈದ್ಯರಿಗೆ ತೋರಿಸಿ. ಈಗಾಗಲೇ ಹಾಕಿಸಿಕೊಂಡಿದ್ದರೆ ನಾಚಿಕೆಪಡದೆ ಇವತ್ತೇ ವೈದ್ಯರಿಗೆ ಹೇಳಿ. ಪಕ್ಕದ ಮನೆಯವರು ಹೇಳಿದರು ಅಂತ ತಲೆ ಕೊಡಬೇಡಿ. ಹಾಲಪ್ಪನವರಿಗೆ ಹೇಳಿದವಳು ನಾನು.